ಫೋಟೋ ಬೋಗಿ ಊರಿಗೆ ಬಂದಾಗ

ಹೋದ ವರ್ಷ ಮಿನೆಸೋಟದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅವನು ನನ್ನನ್ನು ಸ್ಟಿಲ್‌ವಾಟರ್ ಎಂಬ ಊರಿಗೆ ಕರೆದುಕೊಂಡು ಹೋದ. ನದಿ ದಡದ ಚಿಕ್ಕ ಊರು, ಮುಖ್ಯ ರಸ್ತೆಯ ಉದ್ದಕ್ಕೂ ಹಳೇ ಸಾಮಾನಿನ ಅಂಗಡಿಗಳು. ಒಂದು ಅಂಗಡಿಯ ಮೂಲೆಯಲ್ಲಿ ಚಪ್ಪಲಿ ಡಬ್ಬಿಯಂಥ ಡಬ್ಬಿ ಇತ್ತು. ಅದರ ತುಂಬ ಹಳೇ ಫೋಟೋಗಳು. ಯಾವುದನ್ನು ತೆಗೆದುಕೊಂಡರೂ ಮೂರು ಡಾಲರ್. ಮದುವೆ ಗಂಡು ಹೆಣ್ಣು, ತೊಟ್ಟಿಲ ಮಗು, ಗಡ್ಡದ ಮುದುಕರು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು. ಒಂದು ಕಾಲದಲ್ಲಿ ಯಾರದ್ದೋ ಮನೆಯ ಗೋಡೆಯ ಮೇಲೋ ಪೆಟ್ಟಿಗೆಯ ಒಳಗೋ ಜೋಪಾನವಾಗಿದ್ದ ಫೋಟೋಗಳು ಅವು. ನನಗೆ ಸಂಕಟವಾಯಿತು. ಸುಮ್ನೆ ಹಾಗೇ ಒಂದೊಂದನ್ನೇ ತೆಗೆದು ನೋಡುತ್ತಾ ನಿಂತೆ. ಇಬ್ಬರು ಹುಡುಗಿಯರ ಫೋಟೋ ಒಂದು ಸಿಕ್ಕಿತು. ಅದನ್ನು ವಾಪಸ್ ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ತಮ್ಮ ಕೇಳಿದ, “ಅಕ್ಕಾ, ಯಾರದ್ದೋ ಮನೆ ಮಕ್ಕಳ ಫೋಟೋ ತಗೊಂಡು ಏನ್ ಮಾಡ್ತೀಯ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಡಾಲರ್ ಕೊಟ್ಟು ತಂದೆ.

ದಪ್ಪ ರಟ್ಟಿಗೆ ಅಂಟಿಸಿದ ಫೋಟೋ ಅದು. ಅಂಗೈಗಿಂತ ಸ್ವಲ್ಪ ದೊಡ್ಡದು. ಆ ಕಾಲದಲ್ಲಿ ಇದಕ್ಕೆ ಕ್ಯಾಬಿನೆಟ್ ಕಾರ್ಡ್ ಅನ್ನುತ್ತಿದ್ದರು. ಬಣ್ಣ ಈಗ ಹಳೇ ಬೆಲ್ಲದ ಹಾಗಾಗಿದೆ. ದೊಡ್ಡವಳಿಗೆ ಹತ್ತು ವರ್ಷ ಇರಬಹುದು, ಚಿಕ್ಕವಳಿಗೆ ಐದು. ಇಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದ ಫ್ರಾಕು. ದೊಡ್ಡವಳ ಬೂಟಿನ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಕಾಲು ಕಾಣುತ್ತದೆ. ಅಲುಗಾಡದಿರಲಿ ಅಂತ ಹಿಂದಿನಿಂದ ತಲೆಗೆ ಆಸರೆ ಕೊಡುತ್ತಿದ್ದ ಸ್ಟ್ಯಾಂಡ್ ಅದು. ಅವಳು ನೆಟ್ಟಗೆ ನಿಂತಿದ್ದಾಳೆ. ಚಿಕ್ಕವಳಿಗೆ ಸ್ಟ್ಯಾಂಡ್ ಇಲ್ಲ, ಅಕ್ಕನ ಕೈ ಹಿಡಿದು ನಿಂತಿದ್ದಾಳೆ. ಇನ್ನೊಂದು ಕೈ ಮಾತ್ರ ಮಸುಕಾಗಿದೆ. ಬೆರಳುಗಳೇ ಇಲ್ಲ, ಹೊಗೆಯ ಹಾಗೆ ಬಿಳೀ ಗೆರೆ ಅಷ್ಟೇ. ಕಾರ್ಡಿನಲ್ಲಿ ಅಚ್ಚಾಗಿರುವ ಹೆಸರು ಹೇನ್ಸ್. ಅದರ ಜೊತೆಗೆ ಪ್ಯಾಲೇಸ್ ಸ್ಟುಡಿಯೋ ಕಾರ್. ಕಾರ್ ಅಂದರೆ ಇಲ್ಲಿ ರೈಲಿನ ಬೋಗಿ. ಅಂದರೆ ಈ ಹುಡುಗಿಯರು ನಿಂತಿರುವುದು ರೈಲು ಬೋಗಿಯ ಒಳಗೆ.

ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಪಾಯಿಂಟ್ಸ್‌ಮನ್. ಸೈಡಿಂಗಿನಲ್ಲಿ, ಅಂದರೆ ಮುಖ್ಯ ಲೈನಿನ ಪಕ್ಕದ ಹಳಿಯಲ್ಲಿ, ಒಂಟಿ ಬೋಗಿ ಬಂದು ನಿಂತರೆ ನಮಗೆ ಹಬ್ಬ. ದೊಡ್ಡ ಸಾಹೇಬರ ಸಲೂನ್ ಬೋಗಿ ಒಮ್ಮೊಮ್ಮೆ ಬರುತ್ತಿತ್ತು. ಕಿಟಕಿಗೆ ಪರದೆ, ಒಳಗೆ ಅಡುಗೆಮನೆ, ಒಗ್ಗರಣೆಯ ವಾಸನೆ ಹೊರಗೆ ಬರುತ್ತಿತ್ತು. ಮಕ್ಕಳೆಲ್ಲ ದೂರ ನಿಂತು ನೋಡುತ್ತಿದ್ದೆವು. ಎರಡು ದಿನಕ್ಕೆ ಯಾವುದೋ ಗಾಡಿಗೆ ಜೋಡಿಸಿ ಎಳೆದುಕೊಂಡು ಹೋಗುತ್ತಿದ್ದರು. ಮಾರನೇ ದಿನ ಆ ಜಾಗ ಖಾಲಿ. ಅಲ್ಲೊಂದು ಮನೆ ಇತ್ತು, ಈಗ ಇಲ್ಲ, ಅನ್ನಿಸುತ್ತಿತ್ತು. ಹಾಗೆ ಬಂದು ನಿಲ್ಲುವ ಬೋಗಿಯೇ ಫೋಟೋ ಸ್ಟುಡಿಯೋ ಆಗಿದ್ದರೆ ಹೇಗಿರುತ್ತಿತ್ತು? ಆ ಯೋಚನೆ ತಲೆಯಿಂದ ಹೋಗಲೇ ಇಲ್ಲ. ಊರಿಗೆ ವಾಪಸ್ ಬಂದ ಮೇಲೂ ತಿಂಗಳುಗಟ್ಟಲೆ ಇದನ್ನೇ ಓದಿದೆ.

ಕಾಡುಕೋಣದ ನಾಡಿನ ಹಳಿಗಳ ಮೇಲೆ

ಫ್ರಾಂಕ್ ಜೇ ಹೇನ್ಸ್ ಹುಟ್ಟಿದ್ದು 1853ರಲ್ಲಿ, ಮಿಷಿಗನ್‌ನ ಸಲೀನ್ ಎಂಬ ಊರಿನಲ್ಲಿ. ವಿಸ್ಕಾನ್ಸಿನ್‌ನ ರಿಪನ್ ಊರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತ. 1876ರಲ್ಲಿ ಮಿನೆಸೋಟದ ಮೂರ್‌ಹೆಡ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದ. ಆಗ ಅವನಿಗೆ ಇಪ್ಪತ್ತಮೂರೂ ತುಂಬಿರಲಿಲ್ಲವೇನೋ. 1879ರಲ್ಲಿ ನದಿ ದಾಟಿ ಆಚೆ ದಡದ ಫಾರ್ಗೋಗೆ ಹೋದ. ನಾರ್ದರ್ನ್ ಪೆಸಿಫಿಕ್ ರೈಲ್ವೆಯವರು ಪಶ್ಚಿಮಕ್ಕೆ ಹಳಿ ಹಾಕುತ್ತಾ ಹೋದ ಹಾಗೆ ಅವನೂ ಅವರ ಹಿಂದೆ ಕ್ಯಾಮೆರಾ ಹೊತ್ತುಕೊಂಡು ಹೋದ. ಸೇತುವೆ, ಸುರಂಗ, ಗೋಧಿ ಹೊಲ, ಹೊಸ ಸ್ಟೇಷನ್, ಎಲ್ಲವನ್ನೂ ತೆಗೆದ. 1883ರ ಸೆಪ್ಟೆಂಬರ್ 8ರಂದು ಮೊಂಟಾನಾದ ಗೋಲ್ಡ್ ಕ್ರೀಕ್‌ನಲ್ಲಿ ಎರಡೂ ಕಡೆಯ ಹಳಿ ಸೇರಿದಾಗ ಅಲ್ಲೂ ಇದ್ದ. ಅವನು ಹೀಗೆ ಊರೂರು ತಿರುಗುವಾಗ ಮನೆಯ ಕಡೆ ಸ್ಟುಡಿಯೋ ನೋಡಿಕೊಂಡವಳು ಹೆಂಡತಿ ಲಿಲಿ. ಬೋಗಿಯ ಮೇಲೆ ಬರೆದದ್ದು ಅವನ ಹೆಸರು ಮಾತ್ರ. ಆದರೆ ಮನೆ ಅಂಗಡಿ ಎರಡನ್ನೂ ಹಿಡಿದು ನಿಲ್ಲಿಸಿದ ಆ ಹೆಣ್ಣುಮಗಳನ್ನು ಬಿಟ್ಟು ಈ ಕತೆ ಹೇಳಿದರೆ ಅನ್ಯಾಯವಾಗುತ್ತದೆ.

1885ರಲ್ಲಿ ಹೇನ್ಸ್ ಒಂದು ಪುಲ್‌ಮನ್ ಬೋಗಿ ಕೊಂಡು ಅದನ್ನು ಸ್ಟುಡಿಯೋ ಮಾಡಿಸಿದ. ಅದರ ಮೈಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿದ. ಅಲ್ಲಿಂದ 1905ರವರೆಗೆ, ಇಪ್ಪತ್ತು ವರ್ಷ, ಆ ಬೋಗಿ ನಾರ್ದರ್ನ್ ಪೆಸಿಫಿಕ್ ಹಳಿಯ ಮೇಲೆ ಊರಿಂದ ಊರಿಗೆ ಓಡಾಡಿತು. ಬೋಗಿ ಬರುತ್ತಿದೆ ಅಂತ ಊರಿನ ಪತ್ರಿಕೆಯಲ್ಲಿ ಮೊದಲೇ ಸುದ್ದಿ ಬರುತ್ತಿತ್ತು. ಸೈಡಿಂಗಿಗೆ ಬಂದು ನಿಂತ ಮೇಲೆ ಕೆಲವು ದಿನ ಕೆಲಸ. ಆಮೇಲೆ ಮುಂದಿನ ಊರು. ಎಲ್ಲ ಕಡೆಗೂ ಹೇನ್ಸ್ ತಾನೇ ಹೋಗುತ್ತಿರಲಿಲ್ಲ. ಅವನ ಕೆಲಸಗಾರರೇ ಎಷ್ಟೋ ಸಲ ಬೋಗಿ ನಡೆಸುತ್ತಿದ್ದರು. ನನ್ನ ಕಾರ್ಡಿನ ಹುಡುಗಿಯರ ಮುಂದೆ ಕ್ಯಾಮೆರಾ ಹಿಡಿದು ನಿಂತವನು ಹೇನ್ಸೋ ಅಥವಾ ಅವನ ಕೈಕೆಳಗಿನ ಯಾವನೋ ಹುಡುಗನೋ, ಕಾರ್ಡು ನೋಡಿದರೆ ತಿಳಿಯುವುದಿಲ್ಲ.

ಹೇನ್ಸ್‌ಗಿಂತ ಮೊದಲೇ ಈ ಕೆಲಸ ಮಾಡಿದವನು ಜಾನ್ ಬಿ. ಸಿಲ್ವಿಸ್. 1870ರ ದಶಕದಲ್ಲಿ ಯೂನಿಯನ್ ಪೆಸಿಫಿಕ್ ಹಳಿಯ ಮೇಲೆ ಅವನ ಫೋಟೋ ಬೋಗಿ ಇತ್ತು. ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿ ಇರುತ್ತದಲ್ಲ, ಅಂಥದ್ದನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಅದರ ಫೋಟೋ ಉಳಿದಿದೆ. ಬೋಗಿಯ ಮೇಲೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಕೊಂಬು ಕಟ್ಟಿದ್ದಾನೆ. ದೂರದಿಂದ ನೋಡಿದವರಿಗೆ ಅದೇ ಬೋರ್ಡು. ಅವನ ಕಾಲ ಇನ್ನೂ ಕಷ್ಟದ ಕಾಲ. ಆಗಿನ ಗಾಜಿನ ಪ್ಲೇಟಿಗೆ ಅಲ್ಲೇ ಕೂತು ಕೊಲೋಡಿಯನ್ ಅನ್ನುವ ಅಂಟು ದ್ರವ ಹುಯ್ಯಬೇಕು, ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಅದು ಒದ್ದೆ ಇರುವಾಗಲೇ ಫೋಟೋ ತೆಗೆದು ಕತ್ತಲೆ ಕೋಣೆಗೆ ಓಡಬೇಕು. ಹತ್ತು ನಿಮಿಷ ದಾಟಿದರೆ ಪ್ಲೇಟು ಒಣಗಿ ಕೆಟ್ಟುಹೋಗುತ್ತದೆ. ಅಂದರೆ ಕತ್ತಲೆ ಕೋಣೆ ಯಾವಾಗಲೂ ಬೆನ್ನ ಹಿಂದೆಯೇ ಇರಬೇಕು. ಕುದುರೆ ಗಾಡಿಯಲ್ಲಿ ಗಾಜು, ಔಷಧಿ, ನೀರು ಎಲ್ಲ ಹೇರಿಕೊಂಡು ಕಲ್ಲುದಾರಿಯಲ್ಲಿ ಹೋಗುವವರೂ ಇದ್ದರು. ಕ್ಯಾಲಿಫೋರ್ನಿಯಾದ ಕಾರ್ಲ್‌ಟನ್ ವಾಟ್ಕಿನ್ಸ್ ತನ್ನ ಗಾಡಿಯನ್ನೇ ರೈಲಿನ ಬಯಲು ವ್ಯಾಗನ್ ಮೇಲೆ ಹತ್ತಿಸಿಕೊಂಡು ಹೋಗುತ್ತಿದ್ದ. ಸಿಲ್ವಿಸ್ ಬೋಗಿಯನ್ನೇ ಕೋಣೆ ಮಾಡಿಕೊಂಡ. ಕೊಲೋಡಿಯನ್‌ನಲ್ಲಿ ಈಥರ್ ಇರುತ್ತದೆ, ಕಿಡಿ ತಾಗಿದರೆ ಭಗ್ಗೆನ್ನುವ ವಸ್ತು. ಮರದ ಬೋಗಿ, ಚಳಿಗೆ ಒಲೆ, ಒಳಗೆ ಈಥರ್. ಅಂಥದ್ದರಲ್ಲಿ ವರ್ಷಗಟ್ಟಲೆ ಬದುಕುವುದು ಅಂದರೆ ಏನು ಅಂತ ಯೋಚಿಸಿದಾಗಲೆಲ್ಲ ಆ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚಾಗುತ್ತದೆ.

ಹತ್ತಡಿ ಅಗಲದ ಕೋಣೆ

ನಾನು ಜಾಸ್ತಿ ಹೊತ್ತು ಕಳೆದದ್ದು ಬೋಗಿಯ ಒಳಗಿನ ಯೋಚನೆಯಲ್ಲಿ. ಅಮೆರಿಕದ ಬೋಗಿ ಸುಮಾರು ಹತ್ತಡಿ ಅಗಲ. ಉದ್ದ ಬೇಕಾದಷ್ಟಿದೆ, ಅಗಲ ಇಲ್ಲ. ಹಾಗಾಗಿ ಕ್ಯಾಮೆರಾ ಉದ್ದಕ್ಕೇ ನೋಡಬೇಕು. ಒಂದು ಕಡೆ ಪರದೆ, ಇನ್ನೊಂದು ಕಡೆ ಕ್ಯಾಮೆರಾ, ಮೇಲಿನಿಂದಲೋ ಪಕ್ಕದಿಂದಲೋ ಗಾಜಿನ ಮೂಲಕ ಬೆಳಕು. ದೊಡ್ಡ ಕುಟುಂಬ ಬಂದರೆ ಅಕ್ಕಪಕ್ಕ ನಿಲ್ಲಿಸಲು ಜಾಗ ಸಾಲದು, ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಬೇಕು. ನನ್ನ ಕಾರ್ಡಿನ ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ಅದು ಪ್ರೀತಿಗೋ, ಜಾಗ ಸಾಲದ್ದಕ್ಕೋ? ಎರಡೂ ಇರಬಹುದು ಅಲ್ವಾ?

ಇನ್ನೊಂದು ವಿಷಯ ರೈಲ್ವೆ ಮನೆಯಲ್ಲಿ ಬೆಳೆದವರಿಗೆ ತಟ್ಟನೆ ಹೊಳೆಯುತ್ತದೆ. ಸೈಡಿಂಗಿನಲ್ಲಿ ನಿಂತ ಬೋಗಿ ಸುಮ್ಮನೆ ನಿಂತಿರುವುದಿಲ್ಲ. ಪಕ್ಕದ ಲೈನಿನಲ್ಲಿ ಗೂಡ್ಸ್ ಹೋದರೆ ಇಡೀ ಬೋಗಿ ಸಣ್ಣಗೆ ನಡುಗುತ್ತದೆ. ನಮ್ಮ ಕ್ವಾರ್ಟರ್ಸಿನ ಗೋಡೆಯಲ್ಲಿ ತೂಗುಹಾಕಿದ್ದ ಕನ್ನಡಿಯೇ ಗಾಡಿ ಬಂದಾಗ ನಡುಗುತ್ತಿತ್ತು. ಫೋಟೋದವನು ಗಾಡಿಗಳ ಹೊತ್ತು ನೋಡಿಕೊಂಡೇ ಕೆಲಸ ಮಾಡುತ್ತಿದ್ದಿರಬೇಕು. ಚಿಕ್ಕ ಹುಡುಗಿಯ ಕೈ ಮಸುಕಾದದ್ದು ಗಾಡಿ ಹೋದದ್ದರಿಂದ ಇರಬಹುದೇ ಅಂತ ಮೊದಲು ಅಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದೆ. ಅಕ್ಕನ ಫ್ರಾಕಿನ ಗುಂಡಿಗಳು ಒಂದೊಂದೂ ಸ್ಪಷ್ಟ. ಚಿಕ್ಕವಳ ಕಣ್ಣಿನ ರೆಪ್ಪೆ ಕೂಡ ಸ್ಪಷ್ಟ. ಬೋಗಿ ನಡುಗಿದ್ದರೆ ಎಲ್ಲವೂ ಮಸುಕಾಗುತ್ತಿತ್ತು. ಹಾಗಾದರೆ ಬೋಗಿ ನಡುಗಲಿಲ್ಲ, ಹುಡುಗಿ ಕೈ ಆಡಿಸಿದ್ದಾಳೆ. ಮುಖವನ್ನು ಕಷ್ಟಪಟ್ಟು ಅಲುಗಿಸದೆ ಹಿಡಿದಿದ್ದಾಳೆ, ಕೈ ಮಾತ್ರ ಮಾತು ಕೇಳಿಲ್ಲ. ಫ್ರಾಕಿನ ಅಂಚು ಹಿಡಿದು ತಿರುಚುತ್ತಿದ್ದಳೇನೋ. ಆ ಮಸುಕು ನೋಡಿದಾಗಲೆಲ್ಲ ಆ ಮಗು ಉಸಿರಾಡುತ್ತಿದೆ ಅನ್ನಿಸುತ್ತದೆ. ಇಡೀ ಫೋಟೋದಲ್ಲಿ ಫೋಟೋದವನ ಕೈಗೆ ಸಿಗದೆ ಉಳಿದದ್ದು ಅದೊಂದೇ.

ಹೇನ್ಸ್ ಬೋಗಿ ಹೊರಡುವ ಹೊತ್ತಿಗೆ ಒಣ ಪ್ಲೇಟು ಬಂದಿತ್ತು. ಪೆಟ್ಟಿಗೆಯಲ್ಲಿ ತಯಾರಾಗಿ ಬರುತ್ತಿದ್ದ ಗಾಜು. ಆತುರ ಸ್ವಲ್ಪ ಕಡಿಮೆಯಾಗಿತ್ತು. ಪ್ರಿಂಟು ಮಾತ್ರ ಇನ್ನೂ ಬಿಸಿಲಿನ ಕೆಲಸ. ಮೊಟ್ಟೆಯ ಬಿಳಿ ಬಳಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಚೌಕಟ್ಟಿಗೆ ಬಿಗಿದು ಬಿಸಿಲಿಗೆ ಇಡುವುದು. ಹಪ್ಪಳ ಒಣಗಿಸಿದ ಹಾಗೆ ಕಾದು ಕೂರಬೇಕು, ನಡುನಡುವೆ ತೆರೆದು ಬಣ್ಣ ನೋಡಬೇಕು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಈ ಕಾಗದ ಮಾಡುವ ಒಂದು ಕಾರ್ಖಾನೆ ದಿನಕ್ಕೆ 60,000 ಮೊಟ್ಟೆ ಒಡೆಯುತ್ತಿತ್ತಂತೆ. ಹೊಳೆಯುವ ಆ ಮೊಟ್ಟೆಯ ಪದರವೇ ಕಾಲ ಕಳೆದಂತೆ ಹಳದಿಯಾಗುವುದು. ನನ್ನ ಹುಡುಗಿಯರ ಮುಖಕ್ಕೆ ಬಂದಿರುವ ಬೆಲ್ಲದ ಬಣ್ಣದಲ್ಲಿ ಅದರ ಪಾಲೂ ಇದೆ.

ಯಾರ ಮುಖ, ಯಾರ ದುಡ್ಡು

ಬೋಗಿ ನಿಲ್ಲುತ್ತಿದ್ದ ಊರುಗಳು ಎಂಥವು ಅನ್ನುವುದು ಮುಖ್ಯ. ಮೊಂಟಾನಾದ ಬಿಲಿಂಗ್ಸ್ ಊರು ಹುಟ್ಟಿದ್ದೇ 1882ರಲ್ಲಿ, ರೈಲಿನ ಜೊತೆಗೆ. ಊರಿಗೆ ಇಟ್ಟದ್ದೂ ರೈಲ್ವೆ ಕಂಪನಿಯ ಮಾಜಿ ಅಧ್ಯಕ್ಷರ ಹೆಸರು. ಲಿವಿಂಗ್‌ಸ್ಟನ್ ಕೂಡ ಅದೇ ವರ್ಷದ್ದು. ಹೇನ್ಸ್ ಬೋಗಿ ಹೊರಟಾಗ ಈ ಊರುಗಳಿಗೆ ಮೂರು ವರ್ಷ ವಯಸ್ಸು. ಮೊಂಟಾನಾ ರಾಜ್ಯವಾದದ್ದು 1889ರಲ್ಲಿ. ಖಾಯಂ ಸ್ಟುಡಿಯೋ ಇಟ್ಟು ಹೊಟ್ಟೆ ಹೊರೆಯುವಷ್ಟು ಜನ ಅಲ್ಲಿ ಇರಲಿಲ್ಲ. ಆದರೆ ಫೋಟೋ ಬೇಕಾದವರು ಇದ್ದರು. ನಾರ್ವೆಯಿಂದ, ಜರ್ಮನಿಯಿಂದ ಹೊರಟು ಬಂದವರು. ಅವರ ಅಪ್ಪ ಅಮ್ಮ ಸಮುದ್ರದ ಆಚೆ. ನಾವು ಬದುಕಿದ್ದೇವೆ, ಚೆನ್ನಾಗಿದ್ದೇವೆ, ಮಕ್ಕಳು ಇಷ್ಟು ದೊಡ್ಡವರಾಗಿದ್ದಾರೆ ಅಂತ ತೋರಿಸಲು ಲಕೋಟೆಯಲ್ಲಿ ಹಾಕಿ ಕಳಿಸುವಂಥ ಒಂದು ಫೋಟೋ. ದುಬೈಯಿಂದಲೋ ಅಮೆರಿಕದಿಂದಲೋ ಮೊಮ್ಮಕ್ಕಳ ಫೋಟೋ ಬಂದಾಗ ನಮ್ಮಮ್ಮನಂಥವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರಲ್ಲ, ಅದೇ ಹಸಿವು. ವ್ಯತ್ಯಾಸ ಅಂದರೆ ಅವರಿಗೆ ಬೋಗಿ ಮತ್ತೆ ಬರುವವರೆಗೆ ಅದೊಂದೇ ಫೋಟೋ.

ಆದರೆ ಇದೇ ಬೋಗಿಯ ಕತೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡಲು ನನಗೆ ಮನಸ್ಸು ಬರುವುದಿಲ್ಲ. ಈ ಹಳಿ ಹಾದುಹೋದದ್ದು ಖಾಲಿ ನೆಲದ ಮೇಲಲ್ಲ. ಯೆಲ್ಲೋಸ್ಟೋನ್ ನದಿಯ ಉದ್ದಕ್ಕೂ ಕ್ರೋ ಎಂಬ ಮೂಲನಿವಾಸಿ ಜನರ ನೆಲವಿತ್ತು. 1880ರ ದಶಕದ ಶುರುವಿನಲ್ಲಿ ರೈಲು ದಾರಿಗೆಂದು ಅವರಿಂದ ಜಾಗ ತೆಗೆದುಕೊಂಡರು. ನಾರ್ದರ್ನ್ ಪೆಸಿಫಿಕ್ ಕಂಪನಿಗೆ 1864ರಲ್ಲೇ ಸರ್ಕಾರ ಕೋಟಿಗಟ್ಟಲೆ ಎಕರೆ ಕೊಡುವುದಾಗಿ ಕಾನೂನು ಮಾಡಿತ್ತು. ಆ ಜಮೀನು ಮಾರಾಟವಾಗಬೇಕಾದರೆ ವಲಸೆ ಬರುವವರ ಕಣ್ಣಿಗೆ ಅದು ಚೆನ್ನಾಗಿ ಕಾಣಬೇಕು. ಹೇನ್ಸ್ ತೆಗೆದ ಗೋಧಿ ಹೊಲದ, ಹೊಸ ಊರಿನ ಫೋಟೋಗಳು ಆ ಕೆಲಸಕ್ಕೂ ಬಂದವು. ಮೂಲನಿವಾಸಿಗಳ ಫೋಟೋಗಳೂ ಬೇಕಾದಷ್ಟು ಇವೆ. ಆ ಕಾಲದ ಇಂಥ ಎಷ್ಟೋ ಕಾರ್ಡುಗಳಲ್ಲಿ ಬುಡಕಟ್ಟಿನ ಹೆಸರಿದೆ, ಮನುಷ್ಯನ ಹೆಸರಿಲ್ಲ. ವಲಸೆ ಬಂದವರು ತಮ್ಮ ದುಡ್ಡು ಕೊಟ್ಟು ತಮ್ಮ ಫೋಟೋ ತೆಗೆಸಿಕೊಂಡರು. ಕ್ರೋ ಜನರ ಫೋಟೋಗಳನ್ನು ದುಡ್ಡು ಕೊಟ್ಟು ಕೊಂಡವರು ಬೇರೆಯವರು, ಪ್ರವಾಸಕ್ಕೆ ಬಂದವರು. ಒಂದೇ ಕ್ಯಾಮೆರಾ, ಒಂದೇ ಗಾಜು. ಆದರೂ ಎರಡು ಬೇರೆ ಬೇರೆ ಕೆಲಸ.

ಹಳಿ ಹಾಕಿದ ಕೈಗಳ ಕತೆಯೂ ಹೀಗೇ. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವದ ಹಳಿ ಪಶ್ಚಿಮದ ಹಳಿ ಸೇರಿದಾಗ ಆಂಡ್ರ್ಯೂ ರಸೆಲ್ ತೆಗೆದ ಫೋಟೋ ಲೋಕಕ್ಕೆಲ್ಲ ಗೊತ್ತು. ಎರಡು ಇಂಜಿನ್ನು ಮುಖಾಮುಖಿ, ನಡುವೆ ಇಬ್ಬರು ಇಂಜಿನಿಯರುಗಳು ಕೈ ಕುಲುಕುತ್ತಿದ್ದಾರೆ, ಮೇಲೆ ಹತ್ತಿ ನಿಂತವರು ಬಾಟಲಿ ಚಾಚಿದ್ದಾರೆ. ಪಶ್ಚಿಮದ ಕಡೆಯಿಂದ ಸಿಯೆರಾ ಬೆಟ್ಟ ಕೊರೆದು ಹಳಿ ತಂದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಚೀನಾದವರು. ಆ ಗುಂಪಿನಲ್ಲಿ ಅವರ ಮುಖ ಹುಡುಕಿದರೆ ನಿರಾಸೆಯೇ. 2014ರಲ್ಲಿ ಅವರ ಮರಿಮಕ್ಕಳು, ಮತ್ತೆ ಅವರ ಸಮುದಾಯದವರು ಅದೇ ಜಾಗದಲ್ಲಿ, ಹಾಗೇ ಎರಡು ಇಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ತೆಗೆದವರು ನ್ಯೂಯಾರ್ಕಿನ ಕಾರ್ಕಿ ಲೀ. 145 ವರ್ಷ ತಡವಾಗಿ ತೆಗೆದ ಗ್ರೂಪ್ ಫೋಟೋ ಅದು. ಅದನ್ನು ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲೂ ಒಂದು ಬಾರದೇ ಹೋದ ಗ್ರೂಪ್ ಫೋಟೋ ಇದೆ.

ಬಾಣಾವರದ ಜಗಲಿ

ಅರಸೀಕೆರೆಯಿಂದ ಬೀರೂರಿನ ಕಡೆಗೆ ಹೋದರೆ ಬಾಣಾವರ ಸಿಗುತ್ತದೆ. ಅಮ್ಮನ ತವರು ಅದು. ಹೇನ್ಸ್ ಬೋಗಿ ಅಲ್ಲಿ ಓಡಾಡಲು ಶುರು ಮಾಡಿದ 1880ರ ದಶಕದಲ್ಲೇ ಇಲ್ಲಿ ಬೆಂಗಳೂರು-ಹರಿಹರದ ಮೀಟರ್ ಗೇಜ್ ಹಳಿ ಹಾಕಿದ್ದು. ನಾನು ಆರು ವರ್ಷದವಳಿದ್ದಾಗ, ಅಂದರೆ 1976ರಲ್ಲಿ, ಅದೇ ಮೀಟರ್ ಗೇಜಿನ ಬೆಳಗಿನ ಪ್ಯಾಸೆಂಜರ್‌ನಲ್ಲಿ ಫೋಟೋದವನೊಬ್ಬ ಬಾಣಾವರಕ್ಕೆ ಬರುತ್ತಿದ್ದ. ಸಂತೆ ದಿನ ನೋಡಿಕೊಂಡು ಬರುತ್ತಿದ್ದ. ಹೆಗಲಿಗೆ ಕ್ಯಾಮೆರಾ ಚೀಲ, ಕಂಕುಳಲ್ಲಿ ಸುತ್ತಿದ ಪರದೆ. ಅವನಿಗೆ ಬೋಗಿ ಇರಲಿಲ್ಲ, ರೈಲಿನ ಟಿಕೆಟ್ ಇತ್ತು. ಆದರೆ ಊರಿನ ಪಾಲಿಗೆ ಅವನೂ ಬಂದು ಹೋಗುವ ಸ್ಟುಡಿಯೋನೇ.

ಆ ದಿನ ಅಜ್ಜಿ ಮನೆ ಜಗಲಿಯ ಗೋಡೆಗೆ ಎರಡು ಮೊಳೆ ಹೊಡೆದು ಪರದೆ ಇಳಿಬಿಟ್ಟ. ನೀಲಿ ಕೊಳ, ಅದರಲ್ಲಿ ಎರಡು ಹಂಸ, ಹಿಂದೆ ಮೆಟ್ಟಿಲಿನ ಅರಮನೆ. ಕೊಳದ ಒಂದು ಕಡೆ ಬಣ್ಣ ಎದ್ದುಹೋಗಿ ಒಳಗಿನ ಬಟ್ಟೆ ಕಾಣುತ್ತಿತ್ತು. ಅಲ್ಲಿಗೆ ಕುರ್ಚಿ ಹಾಕಿದ. ಅಜ್ಜಿ ಒಳಗಿಂದ ಬರಲು ಒಪ್ಪಲೇ ಇಲ್ಲ. ಫೋಟೋ ತೆಗೆದರೆ ಆಯುಸ್ಸು ಕಮ್ಮಿ ಅನ್ನುವ ಭಯ ಆಗಿನವರಿಗೆ ಇತ್ತಲ್ಲ. ತಾತ ಜೋರು ಮಾಡಿದರು. ಕೊನೆಗೆ ಹಸಿರು ಅಂಚಿನ ಸೀರೆ ಉಟ್ಟು ಬಂದು ಕೂತಳು. ಫೋಟೋದವನು ತನ್ನ ಕೈಗಡಿಯಾರ ಬಿಚ್ಚಿ, “ಕಟ್ಕಳಿ ಅಮ್ಮಾ, ಚೆಂದ ಕಾಣುತ್ತೆ” ಅಂದ. ಅಜ್ಜಿ ಜೀವಮಾನದಲ್ಲಿ ಗಡಿಯಾರ ಕಟ್ಟಿದವಳಲ್ಲ. ಅದು ಸಡಿಲವಾಗಿ ಬಳೆಯ ಹಾಗೆ ಜಾರುತ್ತಿತ್ತು. ಜಾರದಿರಲಿ ಅಂತ ಮೊಣಕಾಲ ಮೇಲೆ ಕೈಯನ್ನು ಮುಷ್ಟಿ ಮಾಡಿ ಇಟ್ಟುಕೊಂಡಳು. ಅದೇ ಫೋಟೋ ಈಗ ನನ್ನ ಮನೆ ಗೋಡೆಯ ಮೇಲಿದೆ. ಗಡಿಯಾರದ ಮುಳ್ಳು ಕೂಡ ಕಾಣುತ್ತದೆ, ಹನ್ನೊಂದು ಹತ್ತು. ನೋಡಿದವರೆಲ್ಲ ಅಜ್ಜಿ ಸಿಟ್ಟಿನವಳಾ ಅಂತ ಕೇಳುತ್ತಾರೆ. ಸಿಟ್ಟಲ್ಲ. ಬೇರೆಯವರ ಸಾಮಾನು ಬಿದ್ದು ಒಡೆದೀತು ಅನ್ನುವ ಎಚ್ಚರ ಅದು.

ಆಮೇಲೆ ಎಲ್ಲರನ್ನೂ ಸೇರಿಸಿ ಇನ್ನೊಂದು ತೆಗೆದ. ತಾತ, ಅಜ್ಜಿ, ಮಾವಂದಿರು, ಅತ್ತೆಯರು, ನಾವು ಮಕ್ಕಳು. ನಾನು ಮುಂದೆ ನೆಲದ ಮೇಲೆ ಕೂತಿದ್ದೆ. ಮಣ್ಣು ಬಿಸಿಯಾಗಿತ್ತು, ಅದೊಂದು ಚೆನ್ನಾಗಿ ನೆನಪಿದೆ. ತಾತ ಎರಡೂ ಫೋಟೋಗೆ ಮುಂಗಡ ಕೊಟ್ಟರು. ಹದಿನೈದು ದಿನ ಬಿಟ್ಟು ಅಜ್ಜಿಯ ಫೋಟೋ ಬಂತು. ಗುಂಪಿನದ್ದು ಮುಂದಿನ ಸಲ ತರುತ್ತೇನೆ ಅಂದ. ಮುಂದಿನ ಸಲ ಅವನು ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ರೋಲು ಹಾಳಾಯಿತೋ, ಅವನಿಗೇ ಏನಾದರೂ ಆಯಿತೋ. ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ತಾತ ಹೋಗಿಬಿಟ್ಟರು. ತಾತನ ಬೇರೆ ಫೋಟೋ ಒಂದೂ ಇಲ್ಲ. ತಿಥಿಯ ದಿನ ಅಜ್ಜಿ ಪಟದ ಪಕ್ಕ ಒಂದು ಜಾಗ ಖಾಲಿ ಬಿಟ್ಟು ಅಲ್ಲೂ ಹೂವು ಇಡುವುದು ಈಗಲೂ ನಡೆದಿದೆ.

ಇದಕ್ಕೇ ಇರಬೇಕು ಆ ಬೋಗಿಯ ವಿಷಯ ನನ್ನನ್ನು ಬಿಡದೆ ಕಾಡಿದ್ದು. ಊರಿನಲ್ಲೇ ಇರುವ ಸ್ಟುಡಿಯೋ ಆದರೆ ಹೋಗಿ ಬಾಗಿಲು ತಟ್ಟಬಹುದು. ಬೋಗಿ ಹೊರಟರೆ ನಿಮ್ಮ ಮುಖ ಇರುವ ಗಾಜೂ ಅದರ ಜೊತೆ ಹೊರಡುತ್ತದೆ. ಮೊಂಟಾನಾದ ಯಾವುದೋ ಸ್ಟೇಷನ್ನಿನಲ್ಲಿ ಒಬ್ಬ ತಾಯಿ ದುಡ್ಡು ಕೊಟ್ಟು, ಟಪಾಲಿನಲ್ಲಿ ಫೋಟೋ ಬರುವುದನ್ನು ಕಾಯುತ್ತಾ ಕೂತಿದ್ದರೆ ಅವಳ ಮನಸ್ಸು ಏನು ಅನ್ನುವುದು ನಮ್ಮ ಮನೆಯವರಿಗೆ ಗೊತ್ತು. ಬೇರೆಯವನ ಕೈಗೆ ಮುಖ ಕೊಟ್ಟು, ಅವನು ವಾಪಸ್ ಕೊಡುತ್ತಾನೆ ಅಂತ ನಂಬುವುದು. ಎಷ್ಟು ದೊಡ್ಡ ನಂಬಿಕೆ ಅದು.

ಬೋಗಿ ನಿಂತದ್ದು

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ತಂದ. 25 ಡಾಲರ್, ಒಳಗೆ 100 ಫೋಟೋದ ರೋಲು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಪ್ರಿಂಟ್ ಮಾಡಿ, ಹೊಸ ರೋಲು ಹಾಕಿ ವಾಪಸ್ ಕಳಿಸುತ್ತಿದ್ದರು. 1900ರಲ್ಲಿ ಬ್ರೌನಿ ಬಂತು, ಒಂದೇ ಡಾಲರ್. ಮಕ್ಕಳೂ ಫೋಟೋ ತೆಗೆಯಬಹುದಾದ ಕ್ಯಾಮೆರಾ. ಊರುಗಳೂ ಬೆಳೆದವು, ಅಲ್ಲಲ್ಲೇ ಸ್ಟುಡಿಯೋಗಳು ತೆರೆದವು. 1905ರ ಹೊತ್ತಿಗೆ ಹೇನ್ಸ್ ಬೋಗಿಯ ಓಡಾಟ ಮುಗಿಯಿತು. ಹೇನ್ಸ್‌ಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ಅವನಿಗೆ ಫೋಟೋ ಅಂಗಡಿಗಳಿದ್ದವು, ಪ್ರವಾಸಿಗಳನ್ನು ಕರೆದೊಯ್ಯುವ ಕುದುರೆ ಗಾಡಿಯ ವ್ಯವಹಾರವೂ ಇತ್ತು. 1921ರಲ್ಲಿ ತೀರಿಕೊಂಡ. ಮಗ ಜ್ಯಾಕ್ ಆ ವ್ಯವಹಾರ ಮುಂದುವರಿಸಿದ. ಹೇನ್ಸ್ ನೆಗೆಟಿವ್‌ಗಳ ದೊಡ್ಡ ರಾಶಿ ಈಗ ಹೆಲೆನಾ ಊರಿನ ಮೊಂಟಾನಾ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ನನ್ನ ಹುಡುಗಿಯರ ಗಾಜೂ ಅಲ್ಲೆಲ್ಲೋ ಇರಲಿ ಅಂತ ಆಸೆ.

ಈಗ ಕಾರ್ಡಿನ ಹಿಂಬದಿಯ ಮಾತು. ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಹುಡುಗಿಯರ ಹೆಸರಿಲ್ಲ. ಊರಿಲ್ಲ, ತಾರೀಖಿಲ್ಲ. ಅವರ ಮನೆಯವರು ಬರೆಯಲಿಲ್ಲ, ಯಾಕೆಂದರೆ ಮನೆಯಲ್ಲಿ ಎಲ್ಲರಿಗೂ ಅವರು ಯಾರು ಅಂತ ಗೊತ್ತಿತ್ತು. ಗೊತ್ತಿದ್ದವರೆಲ್ಲ ಹೋದ ಮೇಲೆ ಉಳಿದದ್ದು ಫೋಟೋದವನ ಹೆಸರು ಮಾತ್ರ. ಈ ಬರಹ ಶುರು ಮಾಡಿದ ವಾರ ನನಗೆ ಇದ್ದಕ್ಕಿದ್ದಂತೆ ಅನ್ನಿಸಿತು, ಅಜ್ಜಿಯ ಫೋಟೋದ ಹಿಂಬದಿಯನ್ನು ನಾನು ಯಾವತ್ತೂ ನೋಡಿಲ್ಲ. ಗೋಡೆಯಿಂದ ಇಳಿಸಿ, ಕಟ್ಟಿನ ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದೆ. ಎರಡು ಸತ್ತ ಜಿರಲೆಮರಿ, ಒಂದಿಷ್ಟು ಧೂಳು. ಫೋಟೋದ ಬೆನ್ನ ಮೇಲೆ ಅಜ್ಜಿಯ ಹೆಸರಿಲ್ಲ, ಫೋಟೋದವನ ಸೀಲೂ ಇಲ್ಲ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು, 17.

ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಈಗ ಎಂಬತ್ತಮೂರು. ಹದಿನೇಳು ಅಂತಿದೆ, ಏನಮ್ಮಾ ಅದು ಅಂತ ಕೇಳಿದೆ.

“ಅದಾ? ಚೀಟಿ ನಂಬರು ಕಣೆ. ಅಪ್ಪಯ್ಯನ ಹತ್ರ ಎರಡು ಚೀಟಿ ಇತ್ತು. ಹದಿನೇಳು ನಮ್ಮಮ್ಮಂದು, ಹದಿನೆಂಟು ಎಲ್ಲರದ್ದು. ಆ ಚೀಟಿ ಬಾಳ ದಿನ ಪಂಚಾಂಗದೊಳಗೆ ಇಟ್ಟಿದ್ರು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಾನು ಕೇಳದೆಯೇ ಹೇಳತೊಡಗಿದಳು. ಹದಿನೆಂಟರಲ್ಲಿ ಎಡಗಡೆಯಿಂದ ಮೊದಲು ದೊಡ್ಡಮಾವ, ಪಕ್ಕ ದೊಡ್ಡತ್ತೆ, ಕಂಕುಳಲ್ಲಿ ಕೂಸು. ನಡುವೆ ಕುರ್ಚಿಯಲ್ಲಿ ತಾತ, ಹೆಗಲ ಮೇಲೆ ಬಿಳೀ ಟವೆಲ್ಲು. ತಾತನ ಹಿಂದೆ ಚಿಕ್ಕಮಾವ, ಆಗ ಮೀಸೆ ಬಿಟ್ಟಿದ್ದ. ಬಲಗಡೆ ಅಜ್ಜಿ, ಆ ಹೊತ್ತಿಗೆ ಗಡಿಯಾರ ಬಿಚ್ಚಿ ಕೊಟ್ಟುಬಿಟ್ಟಿದ್ದಳು. ತುದಿಯಲ್ಲಿ ಅಮ್ಮ. ಪಕ್ಕದ ಮನೆ ಹುಡುಗ ಒಬ್ಬ ನಡುವೆ ಬಂದು ನುಗ್ಗಿ ನಿಂತಿದ್ದ, ತಾತ ಇರಲಿ ಬಿಡು ಅಂದಿದ್ದರು. ಅವನ ಹೆಸರು ಏನು ಅಂತ ಕೇಳಿದೆ. ತಡಿ, ನೆನಪು ಮಾಡ್ಕೋತೀನಿ ಅಂದಳು. ನಾನು ಪೆನ್ನು ಹಿಡಿದು ಕಾದೆ.